ಒಂದು ಮಟ್ಕಾದ ಬೆಲೆ: ಕುಂಬಾರಿಕೆಯ ಲೆಕ್ಕ

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಸಣ್ಣ ವ್ಯವಹಾರದ ಅಧ್ಯಾಯವನ್ನು ನಾವೆಲ್ಲ ಓದಿದ್ದೇವೆ. ಗುಡಿ ಕೈಗಾರಿಕೆಯ ಲಕ್ಷಣಗಳನ್ನು ಬರೆಯಿರಿ ಎಂದು ಕೇಳಿದರೆ ಉತ್ತರ ಬಾಯಿಪಾಠ: ಸ್ವಂತ ಬಂಡವಾಳ, ಸರಳ ಸಲಕರಣೆ, ದೇಶೀಯ ತಂತ್ರಜ್ಞಾನ, ಮನೆಯಲ್ಲೇ ಉತ್ಪಾದನೆ, ಮನೆಯವರ ದುಡಿಮೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಒಬ್ಬ ಕುಂಬಾರನ ಮನೆಯ ಖರ್ಚು ವೆಚ್ಚ ಬರೆಯಲು ಕುಳಿತರೆ ಆ ಕೊನೆಯ ಎರಡು ಪದಗಳ ಹತ್ತಿರವೇ ಲೆಕ್ಕ ಸಿಕ್ಕಿಹಾಕಿಕೊಳ್ಳುತ್ತದೆ. ಮನೆಯವರ ದುಡಿಮೆಗೆ ಬೆಲೆ ಎಷ್ಟು? ಅದನ್ನು ಯಾರು ಕೊಡುತ್ತಾರೆ?

ಬೇಸಿಗೆ ಬಂತೆಂದರೆ ಹುಮನಾಬಾದ್ ಮತ್ತು ಬಸವಕಲ್ಯಾಣದ ರಸ್ತೆ ಬದಿಯಲ್ಲಿ ಹುಲ್ಲಿನ ಮೇಲೆ ಸಾಲಾಗಿ ಮಡಕೆಗಳನ್ನು ಇಟ್ಟಿರುತ್ತಾರೆ. ನಮ್ಮ ಮನೆಯಲ್ಲಿ ಅದು ಮಟ್ಕಾ. ಕನ್ನಡ ಮನೆಗಳಲ್ಲಿ ಗಡಿಗೆ, ಕೊಡ, ದೊಡ್ಡದಾದರೆ ಹರವಿ, ರಂಜಣಗಿ. ಉದ್ದ ಕತ್ತಿನದು ನಮಗೆ ಸುರಾಹಿ. ಗುರುವಾರ ಸಂಜೆ ಲೋಬಾನ ಹಾಕುವ ದಾನಿಯೂ ಮಣ್ಣಿನದೇ, ದೀಪಾವಳಿಯ ಪಣತಿಯೂ ಮಣ್ಣಿನದೇ, ಎರಡನ್ನೂ ಮಾಡುವುದು ಒಂದೇ ಕೈ. ಹೆಸರು ಬೇರೆಯಾದರೂ ಕೊಳ್ಳುವಾಗ ಎಲ್ಲರ ಮಾತು ಒಂದೇ. ದಖನಿಯಲ್ಲಾದರೂ ಕನ್ನಡದಲ್ಲಾದರೂ ಮೊದಲ ವಾಕ್ಯ "ಇಪ್ಪತ್ತು ಕಮ್ಮಿ ಮಾಡ್ರಿ". ಈ ಇಪ್ಪತ್ತು ರೂಪಾಯಿ ಎಲ್ಲಿಂದ ಕಡಿಮೆಯಾಗುತ್ತದೆ ಎಂದು ತಿಳಿಯಬೇಕೆಂದು ನಾನು ನೋಟ್‌ಬುಕ್ ಹಿಡಿದು ಮೂರು ಭಾನುವಾರ ಒಂದು ಕುಂಬಾರರ ಮನೆಗೆ ಹೋದೆ. ಅವರ ಹೆಸರು, ಊರು ಬರೆಯುವುದಿಲ್ಲ. ಅವರ ನಿಜವಾದ ಆದಾಯವನ್ನೂ ಬರೆಯುವುದಿಲ್ಲ. ಅದು ಅವರ ಮನೆಯ ಮಾತು.

ಲೆಕ್ಕಕ್ಕೆ ಮೊದಲು ಕೆಲಸ ತಿಳಿಯಬೇಕು. ಏಕೆಂದರೆ ಈ ಧಂದೆಯಲ್ಲಿ ನಷ್ಟ ಎಲ್ಲಿ ಆಗುತ್ತದೆ ಎಂಬುದು ಮಣ್ಣು ಮತ್ತು ಬೆಂಕಿಯ ಗುಣದಿಂದ ತೀರ್ಮಾನವಾಗುತ್ತದೆ, ವ್ಯಾಪಾರದಿಂದಲ್ಲ.

ಬೀದರ್ ಜಿಲ್ಲೆಯಲ್ಲಿ ಎರಡು ಬಗೆಯ ನೆಲವಿದೆ. ಬೀದರ್ ಕಡೆಯ ಎತ್ತರದಲ್ಲಿ ಕೆಂಪು ಜಂಬಿಟ್ಟಿಗೆ, ತಗ್ಗಿನ ಹೊಲಗಳಲ್ಲಿ ಕಪ್ಪು ಎರೆ. ಮಡಕೆಗೆ ಜಂಬಿಟ್ಟಿಗೆಯ ಕಲ್ಲು ಬರುವುದಿಲ್ಲ, ಬರೀ ಎರೆಯೂ ಆಗುವುದಿಲ್ಲ. ಎರೆಯಲ್ಲಿ ನೀರು ಹೀರಿ ಉಬ್ಬುವ, ಒಣಗಿದಾಗ ಕುಗ್ಗುವ ಜೇಡಿ ಕಣಗಳು ಬಹಳ. ಏಪ್ರಿಲ್‌ನಲ್ಲಿ ನಮ್ಮ ಹೊಲಗಳಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವುದು ಇದೇ ಕಾರಣಕ್ಕೆ. ಅದೇ ಬಿರುಕು ಮಡಕೆಯ ಮೈಯಲ್ಲೂ ಬೀಳುತ್ತದೆ. ಆದ್ದರಿಂದ ಕೆರೆ ಹಳ್ಳಗಳಲ್ಲಿ ಕೂತ ಹೂಳು ತಂದು, ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು, ಸಣ್ಣ ಮರಳು, ಬೂದಿ ಅಥವಾ ಲದ್ದಿ ಬೆರೆಸುತ್ತಾರೆ. ಮರಳು ಮಣ್ಣಿನ ಕುಗ್ಗುವಿಕೆಯನ್ನು ತಡೆಯುತ್ತದೆ. ಲದ್ದಿಯ ನಾರು ಹಸಿಯಾಗಿರುವಾಗ ಹಿಡಿದಿಡುತ್ತದೆ, ಸುಡುವಾಗ ಉರಿದು ಸಣ್ಣ ರಂಧ್ರ ಬಿಡುತ್ತದೆ. ಒಂದು ಚಿಕ್ಕ ಕಲ್ಲು ಉಳಿದರೂ ಅಲ್ಲಿ ಮಡಕೆ ಸೀಳುತ್ತದೆ. ಜರಡಿ ಹಿಡಿಯುವುದು, ತುಳಿಯುವುದು, ನಾದುವುದು ಒಂದೆರಡು ದಿನದ ಕೆಲಸವಲ್ಲ. ನಾನು ನೋಡಿದ ಮನೆಯಲ್ಲಿ ಈ ಭಾಗವನ್ನು ಹೆಚ್ಚಾಗಿ ಮಾಡುವವರು ಆ ಮನೆಯ ಹೆಣ್ಣುಮಗಳು.

ತಿಗರಿಯ ಮೇಲೆ ಮಡಕೆಯಾಗುವುದು ಎಲ್ಲರೂ ವಿಡಿಯೋದಲ್ಲಿ ನೋಡಿರುವ ಭಾಗ. ನಿಜವಾಗಿ ಅದೇ ಅತಿ ಕಡಿಮೆ ಹೊತ್ತಿನದು. ತಿಗರಿಯಿಂದ ಇಳಿದಾಗ ಅದಕ್ಕೆ ದುಂಡನೆಯ ತಳವೇ ಇರುವುದಿಲ್ಲ. ಸ್ವಲ್ಪ ಬಿಗಿಯಾದ ಮೇಲೆ ಒಳಗಿನಿಂದ ನುಣುಪಾದ ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಬಡಿದು ಬಡಿದು ಗೋಡೆಯನ್ನು ತೆಳುವಾಗಿಸಿ ತಳ ಕೂಡಿಸಬೇಕು. ಒಂದು ಮಡಕೆಗೆ ನೂರಾರು ಪೆಟ್ಟು. ಆಮೇಲೆ ನೆರಳಲ್ಲಿ ಒಣಗಿಸಿ ಕೆಂಪು ಜಾಜು ಹಚ್ಚಬೇಕು.

ಕೊನೆಗೆ ಆವಿಗೆ. ಇಲ್ಲಿ ನಮ್ಮ ವಿಜ್ಞಾನ ವಿಭಾಗದ ಗೆಳೆಯರು ಸಹಾಯ ಮಾಡಿದರು. ಮಡಕೆಯೊಳಗೆ ಹಸಿ ಉಳಿದಿದ್ದರೆ 100 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಆ ನೀರು ಹಬೆಯಾಗುತ್ತದೆ. ನೀರು ಹಬೆಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು. ಹೊರಗೆ ಹೋಗಲು ದಾರಿ ಸಿಗದಿದ್ದರೆ ಮಡಕೆ ಪಟಾಕಿಯ ಹಾಗೆ ಒಡೆಯುತ್ತದೆ. ಸುಮಾರು 500, 600 ಡಿಗ್ರಿಯ ಹೊತ್ತಿಗೆ ಜೇಡಿಯ ಕಣದೊಳಗೇ ರಾಸಾಯನಿಕವಾಗಿ ಸೇರಿಕೊಂಡ ನೀರೂ ಬಿಟ್ಟುಹೋಗುತ್ತದೆ. ಅಲ್ಲಿಂದ ಮುಂದೆ ಅದು ಮತ್ತೆ ಮಣ್ಣಾಗುವುದಿಲ್ಲ. ಹಸಿ ಮಡಕೆ ಒಡೆದರೆ ಕಲಸಿ ಮತ್ತೆ ಮಾಡಬಹುದು, ಸುಟ್ಟ ಮೇಲೆ ಒಡೆದರೆ ಬರೀ ಬೋಕಿ. ಲೆಕ್ಕ ಬರೆಯುವವರಿಗೆ ಈ ವ್ಯತ್ಯಾಸ ಮುಖ್ಯ. ಊರಿನ ಆವಿಗೆಯಲ್ಲಿ ಶಾಖ ಸಾಮಾನ್ಯವಾಗಿ 700ರಿಂದ 900 ಡಿಗ್ರಿ. ಪಿಂಗಾಣಿಗೆ 1,200ಕ್ಕೂ ಹೆಚ್ಚು ಬೇಕು. ಕಟ್ಟಿಗೆ, ಕುಳ್ಳು, ಹೊಟ್ಟು ಉರಿಸಿ ಮೇಲೆ ಬೂದಿ, ಬೋಕಿ ಮುಚ್ಚಿದ ಆವಿಗೆಯಲ್ಲಿ ಆ ಶಾಖ ಬರುವುದಿಲ್ಲ. ಬರುವ ಅಗತ್ಯವೂ ಇಲ್ಲ. ಮಟ್ಕಾದ ಗುಣವೇ ಅದು ಪೂರ್ತಿ ಬಿಗಿಯದೆ ಉಳಿದಿರುವುದರಲ್ಲಿದೆ.

ಇದನ್ನು ಒಂದು ಲೆಕ್ಕದಲ್ಲಿ ತೋರಿಸಬಹುದು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. 10 ಲೀಟರ್ ನೀರಿನ ಮಟ್ಕಾದಿಂದ 100 ಮಿಲಿಲೀಟರ್, ಅಂದರೆ ಒಂದು ಸಣ್ಣ ಚಹಾ ಲೋಟದಷ್ಟು, ಗೋಡೆಯ ಮೂಲಕ ಜಿನುಗಿ ಆವಿಯಾದರೆ ಆ ಶಾಖವನ್ನು ಒಳಗಿನ ನೀರಿನಿಂದಲೇ ತೆಗೆದುಕೊಂಡಿದೆ ಎಂದು ಹಿಡಿದಾಗ ನೀರು 5, 6 ಡಿಗ್ರಿ ತಣ್ಣಗಾಗುತ್ತದೆ. ಒಣ ಗಾಳಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಆದ್ದರಿಂದ ನಮ್ಮ ಏಪ್ರಿಲ್ ಬಿಸಿಲಿಗೆ ಮಟ್ಕಾ ಒಗ್ಗುವಷ್ಟು ಮಂಗಳೂರಿನ ತೇವದ ಗಾಳಿಗೆ ಒಗ್ಗುವುದಿಲ್ಲ. ಮೇಲೆ ಗಾಜಿನ ಹೊಳಪು ಕೊಟ್ಟ ಪಿಂಗಾಣಿ ಹೂಜಿ ಎಷ್ಟು ಚೆಂದ ಕಂಡರೂ ನೀರು ತಣಿಸುವುದಿಲ್ಲ. ಬಣ್ಣ ಬಳಿದ ಮಟ್ಕಾವೂ ಅಷ್ಟೇ, ರಂಧ್ರ ಮುಚ್ಚಿಹೋಗುತ್ತದೆ. ಒಂದೆರಡು ವರ್ಷ ಹಳೆಯ ಮಟ್ಕಾ ತಣಿಸುವುದನ್ನು ಬಿಡುವುದೂ ನಮ್ಮ ಗಡಸು ನೀರಿನ ಉಪ್ಪು ರಂಧ್ರಗಳಲ್ಲಿ ಕೂಡುವುದರಿಂದ. (ಅಮ್ಮಿ ಪ್ರತಿ ವರ್ಷ ಹೊಸ ಮಟ್ಕಾ ಬೇಕು ಎನ್ನುವುದು ಖರ್ಚಿನ ಹಟ ಎಂದು ಅಬ್ಬಾ ಹೇಳುತ್ತಿದ್ದರು. ಈ ಪ್ಯಾರಾ ಅವರಿಗೆ.)

ಈಗ ಲೆಕ್ಕ. ಮೊದಲೇ ಹೇಳಿದಂತೆ ಇವು ಆ ಮನೆಯ ಅಂಕಿಗಳಲ್ಲ, ತರಗತಿಯ ಉದಾಹರಣೆಯ ಹಾಗೆ ನಾನೇ ಹಿಡಿದ ಪೂರ್ಣಾಂಕಗಳು. ಓದುವವರು ತಮ್ಮ ಊರಿನ ದರ ಹಾಕಿ ನೋಡಬಹುದು.

ಒಂದು ಆವಿಗೆಗೆ 100 ಮಟ್ಕಾ. ಮಣ್ಣು ತರುವ ಟ್ರಾಕ್ಟರ್ ಬಾಡಿಗೆಯ ಪಾಲು 600 ರೂಪಾಯಿ, ಮರಳು, ಬೂದಿ, ಜಾಜು 100, ಉರುವಲು 2,000, ತಿಗರಿಯ ಕರೆಂಟು 100, ಸಂತೆಗೆ ಸಾಗಿಸಲು 700, ಸಂತೆಯ ಜಾಗಕ್ಕೆ 100. ಒಟ್ಟು ಕೈಯಿಂದ ಹೋಗುವ ಹಣ 3,600. ನೂರರಿಂದ ಭಾಗಿಸಿದರೆ ಒಂದಕ್ಕೆ 36 ರೂಪಾಯಿ. ಆದರೆ ನೂರರಿಂದ ಭಾಗಿಸಬಾರದು. ಆವಿಗೆಯಲ್ಲಿ 15 ಸೀಳಿದವು, ಗಾಡಿಯಲ್ಲಿ 5 ಒಡೆದವು ಎಂದು ಹಿಡಿಯೋಣ. ಮಾರಲು ಉಳಿದದ್ದು 80. ಇಂಥ, ಪ್ರತಿ ಸಲವೂ ಆಗುವ ನಷ್ಟಕ್ಕೆ ನಮ್ಮ ಲೆಕ್ಕಶಾಸ್ತ್ರದಲ್ಲಿ ಸಾಮಾನ್ಯ ನಷ್ಟ ಎನ್ನುತ್ತಾರೆ. ಒಡೆದವುಗಳ ಖರ್ಚನ್ನು ಉಳಿದವು ಹೊರಬೇಕು. ಹಾಗೆ ಮಾಡಿದರೆ ಒಂದು ಮಟ್ಕಾದ ಖರ್ಚು 45 ರೂಪಾಯಿ.

ಒಂದನ್ನು 100 ರೂಪಾಯಿಗೆ ಮಾರಿದರೆ 8,000 ಬರುತ್ತದೆ. ಖರ್ಚು ಕಳೆದರೆ 4,400. ನೂರಕ್ಕೆ ಅರ್ಧಕ್ಕಿಂತ ಹೆಚ್ಚು ಲಾಭ! ಸಂತೆಯಲ್ಲಿ ನಿಂತು "ಮಣ್ಣು ಪುಕ್ಕಟೆ, ನೂರು ರೂಪಾಯಿ ಯಾಕೆ" ಎಂದು ಕೇಳುವವರ ಮನಸ್ಸಿನಲ್ಲಿರುವುದು ಈ ಲೆಕ್ಕವೇ. ಆದರೆ ಇದರಲ್ಲಿ ಮನೆಯವರ ದುಡಿಮೆ ಎಂಬ ಕಾಲಂ ಇನ್ನೂ ಖಾಲಿ ಇದೆ. ಮಣ್ಣು ಹದ ಮಾಡುವುದರಿಂದ ಸಂತೆಯಲ್ಲಿ ಕೂರುವವರೆಗೆ ಇಬ್ಬರು ಹತ್ತು ಹತ್ತು ದಿನ ದುಡಿದರು ಎಂದರೆ 20 ಆಳಿನ ದಿನ. 4,400ನ್ನು 20ರಿಂದ ಭಾಗಿಸಿ. ಒಂದು ದಿನಕ್ಕೆ ಒಬ್ಬರಿಗೆ 220 ರೂಪಾಯಿ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ನೆಲ ಅಗೆಯಲು ಹೋದರೆ ಸಿಗುವ ಕೂಲಿಯೂ ಮಡಕೆಯಲ್ಲಿ ಹುಟ್ಟಲಿಲ್ಲ. ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂದು ಓದುತ್ತೇವಲ್ಲ, ಅದು ಇದೇ. ಆ ಕೂಲಿಯನ್ನು ಸೇರಿಸಿ ಬೆಲೆ ಕಟ್ಟಿದರೆ 6,980ಕ್ಕೆ 3,600 ಕೂಡಿಸಿ 80ರಿಂದ ಭಾಗಿಸಬೇಕು. ಒಂದು ಮಟ್ಕಾ 132 ರೂಪಾಯಿ ಆಗುತ್ತದೆ. ಅದರಲ್ಲೂ ಲಾಭ ಎಂಬುದು ಸೊನ್ನೆ.

ಇನ್ನು ಆ ಇಪ್ಪತ್ತು ರೂಪಾಯಿಗೆ ಬರೋಣ. ಎಲ್ಲರೂ ಚೌಕಾಸಿ ಮಾಡಿ 80ಕ್ಕೆ ಒಯ್ದರೆ ಬರುವುದು 6,400. ಟ್ರಾಕ್ಟರ್‌ನವನು ಬಾಡಿಗೆ ಇಳಿಸುವುದಿಲ್ಲ, ಕಟ್ಟಿಗೆಯವನು ಇಳಿಸುವುದಿಲ್ಲ. ಖರ್ಚು ಅದೇ 3,600. ಉಳಿದದ್ದು 2,800, ದಿನಕ್ಕೆ 140. ಬೆಲೆ ಇಳಿದದ್ದು ನೂರಕ್ಕೆ 20, ದುಡಿಮೆಯ ಪಾಲು ಇಳಿದದ್ದು ನೂರಕ್ಕೆ 36. ಈ ಅಂಕಿ ಬಂದಾಗ ನಾನು ಎರಡು ಸಲ ಕೂಡಿಸಿ ನೋಡಿದೆ. ಫ್ರಿಜ್ ಕೊಳ್ಳುವಾಗ ಚೌಕಾಸಿ ಮಾಡಿದರೆ ಅಂಗಡಿ, ವಿತರಕ, ಕಂಪನಿ ಎಂದು ಹೊರೆ ಹಂಚಿಕೊಳ್ಳಲು ನಾಲ್ಕು ಜನರಿದ್ದಾರೆ. ಇಲ್ಲಿ ಮುಂದೆ ಕೂತವರನ್ನು ಬಿಟ್ಟು ಬೇರೆ ಯಾರೂ ಇಲ್ಲ.

ಅಕಾಲಿಕ ಮಳೆಯ ಲೆಕ್ಕ ಇನ್ನೂ ಕೆಟ್ಟದ್ದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಸಂಜೆ ಗಾಳಿ ಎದ್ದು ಆಲಿಕಲ್ಲು ಬೀಳುವುದುಂಟು. ಉರಿಯುವ ಆವಿಗೆಯ ಮೇಲೆ ಮಳೆ ಬಿದ್ದರೆ ಒಂದು ಕಡೆ ತಣ್ಣಗಾಗಿ ಮಡಕೆಗಳು ಸೀಳುತ್ತವೆ. ಇದು ಅಸಾಮಾನ್ಯ ನಷ್ಟ. ಕಂಪನಿಯಾದರೆ ಇದನ್ನು ವಸ್ತುವಿನ ಬೆಲೆಗೆ ಸೇರಿಸದೆ ಲಾಭ ನಷ್ಟ ಖಾತೆಗೆ ಹಾಕುತ್ತದೆ, ವಿಮೆ ಇದ್ದರೆ ಕೇಳುತ್ತದೆ. ನಮ್ಮ ಉದಾಹರಣೆಯಲ್ಲಿ 80ರ ಬದಲು 40 ಮಾತ್ರ ಉಳಿದರೆ 4,000 ಬಂದು 400 ಉಳಿಯುತ್ತದೆ, ದಿನಕ್ಕೆ 20 ರೂಪಾಯಿ. ನಾನು ಹೋದ ಮನೆಯಲ್ಲಿ ಒಂದು ವರ್ಷ ಹಾಗೆ ಆಗಿತ್ತು. "ಅವತ್ತು ಯಾವ ಖಾತೆಗೆ ಹಾಕಿದಿರಿ?" ಎಂದು ಕೇಳಿದೆ. ಆ ತಾಯಿ ನಕ್ಕು, "ಕಿವ್ಯಾಗಿಂದು ಅಡಾ ಇಟ್ಟೆವ್ರಿ" ಎಂದರು. ನಾನು ಅದನ್ನು ನೋಟ್‌ಬುಕ್‌ನಲ್ಲಿ ಹಾಗೇ ಬರೆದುಕೊಂಡೆ.

ದುಡಿಯುವ ಬಂಡವಾಳದ ಪಾಠದಲ್ಲಿ ಋತುಮಾನದ ವ್ಯವಹಾರ ಎಂಬ ಮಾತು ಬರುತ್ತದೆ. ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಮಳೆಗಾಲದಲ್ಲಿ ಒಣಗಿಸಲು ಬಿಸಿಲಿಲ್ಲ, ಕೆರೆಯಲ್ಲಿ ನೀರು, ಉರುವಲು ಹಸಿ. ಗಣೇಶ ಚೌತಿ, ದೀಪಾವಳಿ ಹೊತ್ತಿಗೆ ಸ್ವಲ್ಪ ಮೂರ್ತಿ, ಪಣತಿ. ಮಣ್ಣು ಮತ್ತು ಕಟ್ಟಿಗೆಗೆ ಹಣ ಹಾಕುವುದು ಚಳಿಗಾಲದಲ್ಲಿ, ಹಣ ವಾಪಸು ಬರುವುದು ಮಾರ್ಚ್‌ನಿಂದ ಮೇ. ನಡುವಿನ ತಿಂಗಳು ದಾಟಲು ಒಂದೋ ಸಾಲ, ಇಲ್ಲವೇ ಇಡೀ ಸರಕನ್ನು ಮುಂಗಡ ಕೊಟ್ಟ ವ್ಯಾಪಾರಿಗೆ ಕಡಿಮೆ ದರಕ್ಕೆ ಕೊಡುವುದು.

ತೆರಿಗೆಯ ಬಗ್ಗೆ ಒಂದು ಮಾತು, ನಮ್ಮ ವಿಭಾಗದವರಿಗೆ ಉಪಯೋಗಕ್ಕೆ ಬರುತ್ತದೆ. ಮಣ್ಣಿನ ಮಡಕೆ ಮತ್ತು ಹಣತೆಗೆ ಜಿಎಸ್‌ಟಿ ಇಲ್ಲ. ಇದು ಅನುಕೂಲವೇ, ಆದರೆ ಪೂರ್ತಿ ಅಲ್ಲ. ಮಾರುವ ವಸ್ತು ವಿನಾಯಿತಿಯಲ್ಲಿದ್ದರೆ ಕೊಂಡ ಮೋಟರ್, ಬೆಲ್ಟ್, ಪ್ಯಾಕಿಂಗ್ ಮೇಲೆ ಕೊಟ್ಟ ತೆರಿಗೆಯನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಕಾರ್ಖಾನೆಯ ಪಿಂಗಾಣಿಯವರು ತೆರಿಗೆ ಕಟ್ಟುತ್ತಾರೆ, ಒಳತೆರಿಗೆ ಕಳೆದುಕೊಳ್ಳುತ್ತಾರೆ. ಕುಂಬಾರರು ಕಟ್ಟುವುದಿಲ್ಲ ಎಂದು ನಾವು ಹೇಳುತ್ತೇವೆ, ಆದರೆ ಮೋಟರ್ ಕೊಂಡ ದಿನ ಕಟ್ಟಿರುತ್ತಾರೆ.

ಕಾರ್ಖಾನೆಯ ಮಾತು ಬಂದದ್ದರಿಂದ ಹೇಳುತ್ತೇನೆ, ನಮ್ಮ ರಾಜ್ಯದಲ್ಲೇ ಮಣ್ಣಿನ ಕೆಲಸ ಕೈಗಾರಿಕೆಯಾದ ಉದಾಹರಣೆ ಇದೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದೇ ಅಳತೆ, ಅಚ್ಚು, ಹಡಗಿನ ಸಾಗಾಟ. ಇಂದು ಗುಜರಾತಿನ ಮೋರ್ಬಿ ಟೈಲ್ಸ್‌ಗೆ ಹೆಸರಾಗಿದೆ. ಆದರೆ ಮಟ್ಕಾವನ್ನು ಮೋರ್ಬಿಯಿಂದ ತರುವುದು ಕಷ್ಟ. ಹಗುರ, ದೊಡ್ಡ ಗಾತ್ರ, ಒಳಗೆ ಬರೀ ಗಾಳಿ, ಮುಟ್ಟಿದರೆ ಒಡೆಯುತ್ತದೆ. ಲಾರಿ ಬಾಡಿಗೆ ಗಾಳಿಗೇ ಕೊಟ್ಟ ಹಾಗೆ. ನಮ್ಮ ಊರಿನ ಕುಂಬಾರರಿಗೆ ಇಂದಿಗೂ ಉಳಿದಿರುವ ರಕ್ಷಣೆ ಇದೊಂದೇ ಎಂದು ನನಗೆ ಅನಿಸುತ್ತದೆ. ಪ್ಲಾಸ್ಟಿಕ್ ನಿಷೇಧ ಕಾಪಾಡುತ್ತದೆ ಎಂದು ಹಲವರು ಹೇಳುತ್ತಾರೆ. 2004ರಲ್ಲಿ ರೈಲ್ವೆ ಮಂತ್ರಿ ಲಾಲು ಪ್ರಸಾದ್ ನಿಲ್ದಾಣಗಳಲ್ಲಿ ಮಣ್ಣಿನ ಕುಲ್ಹಡ್ ತಂದರು, 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಲೋಟ ನಿಷೇಧಿಸಿತು, 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧ. ಹುಮನಾಬಾದ್ ಬಸ್ ನಿಲ್ದಾಣದ ಹತ್ತಿರ ನನಗೆ ಚಹಾ ಸಿಕ್ಕಿದ್ದು ಕಾಗದದ ಲೋಟದಲ್ಲಿ.

ಈ ನೆಲದಲ್ಲಿ ಕುಂಬಾರಿಕೆಗೆ ದೊಡ್ಡ ಹೆಸರಿದೆ. ಹನ್ನೆರಡನೆಯ ಶತಮಾನದ ಶರಣ ಕುಂಬಾರ ಗುಂಡಯ್ಯ ನಮ್ಮ ಪಕ್ಕದ ಭಾಲ್ಕಿಯವರು. ಹರಿಹರ ಕವಿ ಅವರ ಮೇಲೆ ಒಂದು ರಗಳೆಯನ್ನೇ ಬರೆದಿದ್ದಾನೆ. ಅದರ ಕಥೆಯಲ್ಲಿ ಗುಂಡಯ್ಯ ಮಡಕೆಯನ್ನು ಬಡಿಯುವ ತಾಳಕ್ಕೆ ಶಿವನೇ ಬಂದು ಕುಣಿಯುತ್ತಾನೆ. ಕೇಳುವಾಗ ಕಥೆ, ಆದರೆ ಬಡಿಯುವುದನ್ನು ಹತ್ತಿರ ಕೂತು ಕೇಳಿದರೆ ಅದರಲ್ಲಿ ತಾಳ ಇರುವುದು ನಿಜ. ಸುಟ್ಟ ಮಡಕೆ ಕೊಳ್ಳುವಾಗ ನಾವೂ ಬೆರಳಿನಿಂದ ತಟ್ಟಿ ನೋಡುತ್ತೇವೆ. ಟಣ್ ಎಂದರೆ ಸರಿ, ದಬ್ ಎಂದರೆ ಎಲ್ಲೋ ಸೀಳಿದೆ. ಸೂರಾ ರಹಮಾನ್‌ನಲ್ಲಿ ಮನುಷ್ಯನ ಸೃಷ್ಟಿಯ ಪ್ರಸ್ತಾಪ ಬರುವಾಗ ಇರುವುದು ಇದೇ ಸದ್ದು ಮಾಡುವ ಮಣ್ಣಿನ, ಕುಂಬಾರನ ಮಣ್ಣಿನ ಹೋಲಿಕೆ. ಮದರಸಾದಲ್ಲಿ ಅದರ ಅರ್ಥ ಓದಿದ್ದೆ. ಮಟ್ಕಾ ತಟ್ಟುವಾಗ ಅದು ನೆನಪಾಯಿತು.

ಗುಂಡಯ್ಯನ ಹೆಂಡತಿ ಕೇತಲದೇವಿಯೂ ವಚನ ಬರೆದವರು. ಕುಂಭೇಶ್ವರ ಎಂಬುದು ಅವರ ಅಂಕಿತ. ಆದರೆ ಅವರನ್ನು ಗುರುತಿಸುವುದು ಗುಂಡಯ್ಯಗಳ ಪುಣ್ಯಸ್ತ್ರೀ ಎಂದು.

ಇದನ್ನು ಬರೆಯಲು ಕಾರಣವಿದೆ. ಕುಂಬಾರರಿಗೆ ಈಗ ಇರುವ ಮುಖ್ಯ ಸರ್ಕಾರಿ ಯೋಜನೆ ಪಿಎಂ ವಿಶ್ವಕರ್ಮ. 2023ರ ಸೆಪ್ಟೆಂಬರ್ 17ರಂದು ಆರಂಭವಾಯಿತು, 18 ಕಸುಬುಗಳಲ್ಲಿ ಕುಂಬಾರಿಕೆ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಯ ಇ-ವೋಚರ್, ಜಾಮೀನಿಲ್ಲದೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ಸಾಲ, ಬಡ್ಡಿ ನೂರಕ್ಕೆ 5. ಖಾಸಗಿ ಬಡ್ಡಿಗೆ ಹೋಲಿಸಿದರೆ ಇದು ಬಹಳ ಒಳ್ಳೆಯದು. ಕಲಿಯುವವರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆಯೂ ಇದೆ. ಆದರೆ ಮೊದಲ ಸಾಲವನ್ನು 18 ತಿಂಗಳಲ್ಲಿ ತೀರಿಸಬೇಕು. ಪೂರ್ತಿ 1 ಲಕ್ಷ ತೆಗೆದುಕೊಂಡರೆ ತಿಂಗಳಿಗೆ ಸುಮಾರು 5,780 ರೂಪಾಯಿ ಕಂತು. ನಮ್ಮ ಉದಾಹರಣೆಯ ಒಂದು ಆವಿಗೆಯಲ್ಲಿ ಉಳಿಯುವುದು 4,400, ಅದೂ ಆವಿಗೆ ಹಾಕುವ ತಿಂಗಳಲ್ಲಿ. ಜುಲೈ, ಆಗಸ್ಟ್‌ನಲ್ಲಿ ಆವಿಗೆಯೇ ಇಲ್ಲ, ಕಂತು ಮಾತ್ರ ಇರುತ್ತದೆ. ಆದ್ದರಿಂದ ಎಷ್ಟು ಸಿಗುತ್ತದೆ ಎನ್ನುವುದಕ್ಕಿಂತ ಮಳೆಗಾಲದಲ್ಲಿ ಎಷ್ಟು ಕಟ್ಟಬಲ್ಲೆವು ಎಂದು ಮೊದಲು ನೋಡಿ, ಅಷ್ಟೇ ಸಾಲ ಕೇಳುವುದು ಒಳ್ಳೆಯದು ಎಂದು ನಾನು ಅವರಿಗೆ ಹೇಳಿದೆ. ಬೇಸಿಗೆಯ ಹಣದಲ್ಲಿ ನಾಲ್ಕು ಕಂತನ್ನು ಬ್ಯಾಂಕಿನಲ್ಲೇ ಬೇರೆ ಇಟ್ಟರೆ ಮಳೆಗಾಲ ದಾಟಬಹುದು.

ಅರ್ಜಿ ತುಂಬಲು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗುವ ಮುಂಚೆ ನಾವು ಒಂದು ಹಾಳೆಯ ಮೇಲೆ ವಿವರ ಬರೆಯುತ್ತಿದ್ದೆವು. ಹದಿನೆಂಟು ತುಂಬಿರಬೇಕು, ಸ್ವಂತ ಕೈಯಿಂದ ಕಸುಬು ಮಾಡುತ್ತಿರಬೇಕು. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಮಗ ತಿಗರಿ ನಡೆಸುತ್ತಾನೆ, ಆದರೆ ಅವನಿಗೆ ಪುಣೆಗೆ ಹೋಗುವ ಮನಸ್ಸು. ತಂದೆ ಆವಿಗೆ ಹಾಕುತ್ತಾರೆ, ವ್ಯಾಪಾರಿಗಳ ಜೊತೆ ಮಾತಾಡುತ್ತಾರೆ. ಮಣ್ಣು ಜರಡಿ ಹಿಡಿದು, ನಾದಿ, ಜಾಜು ಹಚ್ಚಿ, ಸಂತೆಯಲ್ಲಿ ಬಿಸಿಲಿಗೆ ಕೂರುವವರು ತಾಯಿ. ನನ್ನ 20 ಆಳಿನ ದಿನಗಳಲ್ಲಿ ಅವರವು ಎಷ್ಟು ಎಂದು ನಾವು ಹಾಳೆಯಲ್ಲಿ ಗೆರೆ ಹಾಕುತ್ತಾ ಹೋದಾಗ ಹನ್ನೆರಡು ಗೆರೆ ಆದವು. ತಂದೆ ಅದನ್ನು ನೋಡಿ ಸುಮ್ಮನಿದ್ದರು. ಆಮೇಲೆ, "ಹಾಗಾದ್ರ ಅಕಿ ಹೆಸರೇ ಬರಿ" ಎಂದರು. "ನಂಗ್ಯಾಕ, ನನಗ ಸಹಿ ಬರಂಗಿಲ್ಲ" ಎಂದು ತಾಯಿ ಹೇಳಿದರು. ನೋಂದಣಿಗೆ ಆಧಾರ್ ಮತ್ತು ಬೆರಳಚ್ಚು ಸಾಕು ಎಂದು ನಾನು ಹೇಳಿದೆ. ಹೆಸರಿನ ಜಾಗ ಮಾತ್ರ ಅವತ್ತು ಖಾಲಿ ಉಳಿಯಿತು. ಹಾಳೆ ಅವರ ಮನೆಯಲ್ಲೇ ಇದೆ.